ಎರಡನೆಯ ಪುಸ್ತಕಕ್ಕೆ ಎರಡು ನಕ್ಷತ್ರ

ಶನಿವಾರ ಬೆಳಿಗ್ಗೆಯ ಹೊತ್ತಿಗೆ ಆ ಅಭಿಪ್ರಾಯವನ್ನು ಒಪ್ಪಿದವರ ಸಂಖ್ಯೆ ನಾನೂರ ಮೂವತ್ತೊಂದಕ್ಕೆ ಏರಿತ್ತು. ಇಂಗ್ವೆ ಬಚ್ಚಲಿನ ಬಾಗಿಲು ಹಾಕಿಕೊಂಡು, ಕೆನ್ನೆಗೆ ಹಚ್ಚಿದ ಸೋಪಿನ ನೊರೆ ಒಣಗಿ ಬಿಗಿಯುತ್ತಿದ್ದರೂ ಗಮನಿಸದೆ, ಫೋನಿನಲ್ಲಿ ಅದನ್ನೇ ನೋಡುತ್ತ ನಿಂತಿದ್ದ. ನಿನ್ನೆ ನಾನೂರ ಇಪ್ಪತ್ತಾರು ಇತ್ತು. ಅಂದರೆ ಒಂದೇ ದಿನದಲ್ಲಿ ಮಾಲ್ಮೋದಲ್ಲೋ ಉಮಿಯೋದಲ್ಲೋ ಮುಖ ಗೊತ್ತಿಲ್ಲದ ಇನ್ನೂ ಐದು ಜನ ತನ್ನ ಹೆಂಡತಿಯ ಪುಸ್ತಕ ಸತ್ತುಹೋಗಿದೆ ಎಂಬ ಮಾತಿಗೆ ಹೂಂಗುಟ್ಟಿದ್ದರು. ಹೊರಗೆ ಅಡುಗೆಮನೆಯಲ್ಲಿ ಪೆರ್ನಿಲ್ಲಾ ಕಾಫಿ ಬಗ್ಗಿಸುವ ಸದ್ದು ಕೇಳುತ್ತಿತ್ತು. ಇವತ್ತು ಮಧ್ಯಾಹ್ನ ಗ್ರಂಥಾಲಯದಲ್ಲಿ ಅವಳ ಓದು, ಓದುಗರೊಂದಿಗೆ ಮಾತುಕತೆ. ಅವಳು ಎರಡು ಸಲ ಬಾಗಿಲ ಹತ್ತಿರ ಬಂದು, "ಇನ್ನೂ ಆಗ್ಲಿಲ್ವಾ ನಿಂದು?" ಎಂದು ಕೇಳಿ ಹೋಗಿದ್ದಳು. ಎರಡನೆಯ ಸಲ ಅವಳ ದನಿಯಲ್ಲಿ ಸ್ವಲ್ಪ ನಗುವಿತ್ತು. ಇಪ್ಪತ್ತಾರು ವರ್ಷ ಒಂದೇ ಮನೆಯಲ್ಲಿದ್ದವಳ ಆ ನಗು ಅವನಿಗೆ ಬೆನ್ನಿನ ಮೇಲೆ ತಣ್ಣನೆಯ ಕೈ ಇಟ್ಟ ಹಾಗಾಯಿತು. ಅವನು ನಲ್ಲಿ ಬಿಟ್ಟ. ನೀರಿನ ಸದ್ದಿನೊಳಗೆ ಮತ್ತೊಮ್ಮೆ ಆ ಅಭಿಪ್ರಾಯ ಓದಿದ. ಬರೆದವರ ಹೆಸರಿನ ಜಾಗದಲ್ಲಿ 'ಕೊನೆಯ ನಿಲ್ದಾಣ' ಎಂದಿತ್ತು. ಐದರಲ್ಲಿ ಎರಡು ನಕ್ಷತ್ರ. ಅದನ್ನು ಬರೆದವನು ಅವನೇ.

ಮೂರು ವಾರದ ಹಿಂದೆ, ಬುಧವಾರ ಮಧ್ಯಾಹ್ನ, ತಾನು ಪಾಠ ಹೇಳುವ ಶಾಲೆಯ ಮರಗೆಲಸದ ಕೋಣೆಯಲ್ಲಿ ಮಕ್ಕಳೆಲ್ಲ ಹೋದ ಮೇಲೆ ಕೂತು ಬರೆದದ್ದು. ಕೀಲಿಮಣೆಯ ಸಂದುಗಳಲ್ಲಿ ಮರದ ಪುಡಿ ಕೂತಿತ್ತು. ಆರನೇ ತರಗತಿಯ ಹುಡುಗಿಯೊಬ್ಬಳು ಆ ದಿನ ತಾನು ಮಾಡಿದ ಸ್ಟೂಲು ತಂದು ತೋರಿಸಿದಾಗ ಅವನು ಅದರ ಮೇಲೆ ಕೈಯೂರಿ ಅಲ್ಲಾಡಿಸಿ, "ಕಾಲು ಸಡಿಲ ಇದೆ, ಬಿಚ್ಚಿ ಮತ್ತೆ ಮಾಡು" ಎಂದಿದ್ದ. ಅವಳು ಅತ್ತಿರಲಿಲ್ಲ, ಬಿಚ್ಚಿ ಮತ್ತೆ ಮಾಡಿದ್ದಳು. ಹನ್ನೆರಡು ವರ್ಷದ ಹುಡುಗಿಗೆ ಹೇಳಲು ಬರುವ ಮಾತು ಮನೆಯಲ್ಲಿ ಯಾಕೆ ಬಾಯಿಗೆ ಬರುವುದಿಲ್ಲ ಎಂದು ಯೋಚಿಸುತ್ತಲೇ ಅವನು ಓದುಗರು ಪುಸ್ತಕಗಳಿಗೆ ನಕ್ಷತ್ರ ಕೊಡುವ ಆ ಜಾಲತಾಣ ತೆರೆದಿದ್ದ. ಏಪ್ರಿಲ್ ತಿಂಗಳಲ್ಲಿ ಪೆರ್ನಿಲ್ಲಾ ಎರಡನೆಯ ಪುಸ್ತಕದ ಕರಡನ್ನು ಅವನ ಕೈಗಿಟ್ಟು, ನಾಲ್ಕು ದಿನ ಅವನ ಮುಖವನ್ನೇ ನೋಡುತ್ತ ಓಡಾಡಿದ್ದಳು. ಅವಳ ಕಥೆಗಳಲ್ಲಿ ಅವರದೇ ಊರು ಗೋಥೆನ್‌ಬರ್ಗು, ಅದರದೇ ಟ್ರಾಮುಗಳು. ದೀಸಾ ಎಂಬ ಟಿಕೆಟ್ ಪರೀಕ್ಷಕಿಗೆ ಮಾತ್ರ ನೆರಳಿಲ್ಲದ ಪ್ರಯಾಣಿಕರು ಕಾಣುತ್ತಾರೆ, ಸತ್ತವರು ಊರು ಬಿಟ್ಟು ಹೋಗಲಾರದೆ ಟ್ರಾಮಿನಲ್ಲಿ ಸುತ್ತುತ್ತಿರುತ್ತಾರೆ. ಮೊದಲ ಪುಸ್ತಕವನ್ನು ಜನ ಎದೆಗೊತ್ತಿಕೊಂಡು ಓದಿದ್ದರು. ಎರಡನೆಯದರಲ್ಲಿ ದೀಸಾಳ ತಾಯಿಯೇ ಸಾಯುತ್ತಾಳೆ. ನಾಲ್ಕನೆಯ ದಿನ ಪೆರ್ನಿಲ್ಲಾ ಆಲೂಗೆಡ್ಡೆ ಸುಲಿಯುತ್ತ, ಬೆನ್ನು ತಿರುಗಿಸಿಕೊಂಡೇ, "ಹೇಗಿದೆ?" ಎಂದಳು. ಅವನು, "ಚೆನ್ನಾಗಿದೆ, ತುಂಬಾ ಚೆನ್ನಾಗಿದೆ" ಎಂದ. ಅವಳ ಭುಜ ಇಳಿಯಿತು. ಸಮಾಧಾನದಿಂದ ಇಳಿಯಿತೋ ಬೇರೇನಕ್ಕೋ ಎಂದು ಆಗ ಅವನು ನೋಡಲಿಲ್ಲ. ಅವಳ ತಾಯಿ ತೀರಿಕೊಂಡು ಆಗಿನ್ನೂ ಐದೇ ತಿಂಗಳು. ಅಂಥವಳಿಗೆ ಏನು ಹೇಳುವುದು? ಕರುಣೆ ಎಂದು ತನಗೆ ತಾನೇ ಹೇಳಿಕೊಂಡಿದ್ದ. ಆದರೆ ಅದು ಕರುಣೆಯೇ ಆಗಿದ್ದರೆ ಆ ಮಾತು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಐದು ತಿಂಗಳು ಚುಚ್ಚುತ್ತಿರಲಿಲ್ಲ. ಪುಸ್ತಕ ಬಿಡುಗಡೆಯ ದಿನ ಪ್ರಕಾಶಕರ ಕಡೆಯ ಯುವಕನೊಬ್ಬ ಇಂಗ್ವೆಯನ್ನು ನಾಲ್ಕು ಜನಕ್ಕೆ ತೋರಿಸಿ, "ಇವರು ದೀಸಾಳ ಮಲತಂದೆ" ಎಂದು ನಗಿಸಿದ್ದ. ಇಂಗ್ವೆಯೂ ನಕ್ಕಿದ್ದ. ಕೈಯಲ್ಲಿ ಹಿಡಿದಿದ್ದ ವೈನಿನ ಲೋಟವನ್ನು ಎಲ್ಲಿಡಬೇಕೆಂದು ತಿಳಿಯದೆ ಕಿಟಕಿಯ ಕಟ್ಟೆಯವರೆಗೆ ನಡೆದುಹೋಗಿದ್ದ.

ಬರೆದದ್ದು ಕಾಲು ಗಂಟೆಯಲ್ಲಿ. ಇಷ್ಟು ಸರಾಗವಾಗಿ ಅವನು ಜೀವನದಲ್ಲಿ ಏನನ್ನೂ ಬರೆದಿರಲಿಲ್ಲ. 'ಮೊದಲ ಪುಸ್ತಕದಲ್ಲಿ ಊರು ಉಸಿರಾಡುತ್ತಿತ್ತು, ಇಲ್ಲಿ ಊರು ನಾಟಕದ ಪರದೆಯಾಗಿದೆ. ದೀಸಾ ತಾಯಿಯನ್ನು ಮಣ್ಣು ಮಾಡಿ ಮರುದಿನವೇ ಒಂದು ಹನಿ ಕಣ್ಣೀರಿಲ್ಲದೆ ಟಿಕೆಟ್ ನೋಡಲು ಹೊರಡುತ್ತಾಳೆ. ತಾಯಿಯನ್ನು ಕಳೆದುಕೊಂಡವರು ಬರೆದ ಪುಸ್ತಕ ಇದಲ್ಲ. ಇಡೀ ಕಥೆಯಲ್ಲಿ ಜೀವವಿರುವುದು ಒಂದೇ ಕಡೆ, ಡಿಪೋದ ನಲ್ಲಿಯ ಕೆಳಗೆ ದೀಸಾ ತಾಯಿಯ ಬಾಚಣಿಗೆ ತೊಳೆಯುವಲ್ಲಿ. ಲೇಖಕಿ ಅಲ್ಲಿಂದ ಶುರು ಮಾಡಬೇಕಿತ್ತು.' ಮೂರನೆಯ ಸಾಲನ್ನು ಅವನು ಕೊನೆಗೆ ಸೇರಿಸಿದ್ದು. ಓದಿ ನೋಡಿದಾಗ ಉಳಿದದ್ದೆಲ್ಲ ಯಾರೋ ಹತ್ತಿರದವರು ಬರೆದ ಹಾಗೆ ಕಂಡಿತ್ತು. ಬರೆದವರಿಗೆ ಪೆರ್ನಿಲ್ಲಾ ಯಾರೆಂದೇ ಗೊತ್ತಿಲ್ಲ ಅನ್ನಿಸುವ ಒಂದು ಸಾಲು ಬೇಕಿತ್ತು. ಹೋದ ವರ್ಷ ನವೆಂಬರಿನಲ್ಲಿ ಅತ್ತೆಯ ಶವಪೆಟ್ಟಿಗೆಯ ಎಡಗಡೆಯ ಹಿಡಿ ಹಿಡಿದು ಒದ್ದೆ ಎಲೆಗಳ ಮೇಲೆ ನಡೆದವನು ಅವನೇ. ಆ ಸಾಲು ಸುಳ್ಳೆಂದು ಲೋಕದಲ್ಲಿ ಯಾರಿಗಾದರೂ ಚೆನ್ನಾಗಿ ಗೊತ್ತಿದ್ದರೆ ಅದು ಅವನಿಗೆ. ಒಪ್ಪಿದವರಲ್ಲಿ ಬಹಳ ಜನ ಆ ಸಾಲನ್ನೇ ಎತ್ತಿ ಕೆಳಗೆ ಬರೆದಿದ್ದರು: ಎಷ್ಟು ನಿಜ, ನಮ್ಮಮ್ಮ ಹೋದಾಗ ನಾನು ಹೀಗಿರಲಿಲ್ಲ.

ಪೆರ್ನಿಲ್ಲಾ ಅದನ್ನು ಓದಿದ್ದಳು, ಎರಡನೆಯ ದಿನವೇ. ಅತ್ತಿರಲಿಲ್ಲ. ಊಟದ ಹೊತ್ತಿಗೆ ಫೋನನ್ನು ತಟ್ಟೆಯ ಪಕ್ಕ ಇಟ್ಟುಕೊಂಡು ಗಟ್ಟಿಯಾಗಿ ಓದಿ ಹೇಳಿ, "ಈ 'ಕೊನೆಯ ನಿಲ್ದಾಣ' ಅನ್ನೋ ಪ್ರಾಣಿ ಯಾರಿರಬಹುದು?" ಎಂದು ಕೇಳಿದ್ದಳು.

"ಯಾರೋ ತಲೆಹರಟೆ. ಕೆಲಸ ಇಲ್ದೋರು," ಎಂದಿದ್ದ ಅವನು.

"ಹಾಗಂತೀಯಾ? ನಂಗೇನೋ ಇವರೊಬ್ಬರೇ ಸರಿಯಾಗಿ ಓದಿದಾರೆ ಅನ್ಸತ್ತೆ." ಅವಳು ಮೀನಿಗೆ ನಿಂಬೆಹಣ್ಣು ಹಿಂಡುತ್ತ ಅವನ ಕಡೆ ನೋಡಿದ್ದಳು. "ನಿಂಗೆ ಏನನ್ಸತ್ತೆ? ದೀಸಾ ಅಳ್ಬೇಕಿತ್ತಾ?"

"ನಂಗೆ ಹಾಗೇನೂ ಅನ್ನಿಸ್ಲಿಲ್ಲಪ್ಪ."

ಆ ಮೇಲೆ ಮೂರು ವಾರ ಅವಳು ಆಗಾಗ ಆ ಅಪರಿಚಿತನ ಮಾತೆತ್ತುತ್ತಿದ್ದಳು, ಮನೆಗೆ ಬಂದು ಹೋದ ನೆಂಟರ ಮಾತೆತ್ತುವ ಹಾಗೆ. ಅವರು ಹೀಗಂದಿದ್ದಾರೆ, ಅವರಿಗೆ ಇದು ಹಿಡಿಸುತ್ತಿರಲಿಲ್ಲ. ಇಂಗ್ವೆಗೆ ವಿಚಿತ್ರವಾದ ಹೊಟ್ಟೆಕಿಚ್ಚು ಹುಟ್ಟಿತ್ತು. ತಾನೇ ಕಟ್ಟಿದ ಆ ಮುಖವಿಲ್ಲದವನ ಮಾತನ್ನು ಅವಳು ಗಂಡನ ಮಾತಿಗಿಂತ ಹೆಚ್ಚು ಗೌರವದಿಂದ ಕೇಳುತ್ತಿದ್ದಳು. ಕೇಳದೆ ಏನು ಮಾಡಿಯಾಳು, ಆ ಅಪರಿಚಿತನಾದರೂ ಏನೋ ಹೇಳಿದ್ದ.

ಶನಿವಾರ ಮಧ್ಯಾಹ್ನ ಗ್ರಂಥಾಲಯದಲ್ಲಿ ನಲವತ್ತು ಕುರ್ಚಿ ಹಾಕಿದ್ದರು, ಅರವತ್ತು ಜನ ಬಂದಿದ್ದರು. ಒದ್ದೆ ಉಣ್ಣೆಯ ವಾಸನೆ, ದಾಲ್ಚಿನ್ನಿ ಬನ್ನಿನ ವಾಸನೆ. ಇಂಗ್ವೆ ಹಿಂದೆ ಗೋಡೆಗೊರಗಿ ನಿಲ್ಲಬೇಕೆಂದಿದ್ದ, ಆದರೆ ಗ್ರಂಥಪಾಲಕಿ ರಿಗ್ಮೋರ್ ಅವನ ತೋಳು ಹಿಡಿದು ತಂದು ಮೊದಲ ಸಾಲಿನಲ್ಲೇ ಕೂರಿಸಿದಳು. ಕೊರಳಿಗೆ ಕೆಂಪು ಮಣಿಸರ ಹಾಕಿಕೊಂಡ, ಜೋರು ದನಿಯ ಹೆಂಗಸು. ಪೆರ್ನಿಲ್ಲಾಳನ್ನು ಪರಿಚಯ ಮಾಡಿಸಿದ ಮೇಲೆ ಅವನ ಕಡೆ ಕೈ ತೋರಿಸಿ, "ಇನ್ನೊಬ್ಬರನ್ನ ನಾವು ಮರೆಯೋ ಹಾಗಿಲ್ಲ. ಪುಸ್ತಕದ ಮೊದಲ ಪುಟದಲ್ಲೇ ಇದಾರೆ ಇವರು. 'ಮೊದಲ ಓದುಗ ಇಂಗ್ವೆಗೆ, ನಿನ್ನ ಮಾತನ್ನು ನಂಬಿ' ಅಂತ ಬರೆದಿದಾರೆ ನೋಡಿ. ಎಂಥ ಅದೃಷ್ಟ!" ಎಂದಳು. ಜನ ತಿರುಗಿ ನೋಡಿದರು. ಆ ಪುಟ ಇರುವುದೇ ಅವನಿಗೆ ಗೊತ್ತಿರಲಿಲ್ಲ. ಆಗಸ್ಟಿನಲ್ಲಿ ಪೆರ್ನಿಲ್ಲಾ ಅಚ್ಚಾದ ಮೊದಲ ಪ್ರತಿಯನ್ನು ಅವನ ಕೈಗೆ ಕೊಟ್ಟು ಸ್ವಲ್ಪ ಹೊತ್ತು ಎದುರಿಗೇ ನಿಂತಿದ್ದಳು. ಅವನು ಹೊದಿಕೆಯ ಬಣ್ಣ ಹೊಗಳಿ, ಒಳಗೆ ತೆರೆಯದೆ ಕಪಾಟಿನಲ್ಲಿ ಮೊದಲ ಪುಸ್ತಕದ ಪಕ್ಕ ನೇರವಾಗಿ ಇಟ್ಟಿದ್ದ. ಓದಿಯಾಗಿದೆಯಲ್ಲ ಎಂದುಕೊಂಡಿದ್ದ. ಅವಳು ಏನಕ್ಕೆ ಕಾಯುತ್ತ ನಿಂತಿದ್ದಳೆಂಬುದು ಈಗ, ಅರವತ್ತು ಜನರ ನಡುವೆ, ಅವನಿಗೆ ತಿಳಿಯಿತು.

"ಹೇಳಿ, ಮೊದಲ ಓದುಗರೆ," ರಿಗ್ಮೋರ್ ಮೈಕನ್ನು ಅವನ ಬಾಯಿಯ ಹತ್ತಿರ ತಂದಳು. "ನಿಮ್ಮ ಅಭಿಪ್ರಾಯ?"

"ಚೆನ್ನಾಗಿದೆ," ಎಂದ ಇಂಗ್ವೆ.

"ಅಷ್ಟೇನಾ?"

"ತುಂಬಾ ಚೆನ್ನಾಗಿದೆ."

ಜನ ನಕ್ಕರು. ಯಾರೋ, "ಮನೇಲಿ ಊಟ ಸಿಗ್ಬೇಕಲ್ಲ ಪಾಪ!" ಎಂದು ಕೂಗಿದರು. ಇನ್ನೂ ಜೋರಾಗಿ ನಕ್ಕರು. ವೇದಿಕೆಯ ಮೇಲೆ ಪೆರ್ನಿಲ್ಲಾಳೂ ನಗುತ್ತಿದ್ದಳು, ನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. ಅವಳು ಓದಿದಳು. ಅವನಿಗೆ ಮಾತುಗಳು ಕೇಳಿಸಲಿಲ್ಲ, ದನಿ ಮಾತ್ರ ಕೇಳಿಸಿತು. ಆಸ್ಪತ್ರೆಯ ಕೋಣೆಯಲ್ಲಿ ತಾಯಿಗೆ ಪತ್ರಿಕೆ ಓದಿ ಹೇಳುತ್ತಿದ್ದ ದನಿ ಇದೇ. ತಾಯಿ ಹೋದ ಬೆಳಿಗ್ಗೆ ಅವನು ಕಾಫಿ ತರಲು ಹೋಗಿ ಬಂದಾಗ ಪೆರ್ನಿಲ್ಲಾ ಮೂಲೆಯ ಬೇಸಿನ್ನಿನ ಮುಂದೆ ನಿಂತು ತಾಯಿಯ ಬಾಚಣಿಗೆಯನ್ನು ತೊಳೆಯುತ್ತಿದ್ದಳು. ಹಲ್ಲು ಹಲ್ಲಿನ ಸಂದಿಗೂ ಉಗುರು ಹಾಕಿ, ಬಿಳಿ ಕೂದಲನ್ನು ಬಿಡಿಸಿ, ಮತ್ತೆ ನೀರಿಗೆ ಹಿಡಿದು. ಬಹಳ ಹೊತ್ತು. ಅವಳ ಕಣ್ಣು ಒಣಗಿತ್ತು. ಅವನು ಎರಡು ಕಾಗದದ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದ. ಒಳಗೆ ಹೋಗಲಿಲ್ಲ, ಕರೆಯಲೂ ಇಲ್ಲ. ಕಾಫಿ ಆರಿತು. ಕರಡಿನಲ್ಲಿ ಆ ಬಾಚಣಿಗೆ ಬಂದಾಗ ಅವನಿಗೆ ಪುಟ ತಿರುಗಿಸಲಾಗಿರಲಿಲ್ಲ, ಎದ್ದು ಹೋಗಿ ಕಿಟಕಿ ತೆರೆದಿದ್ದ. ಅದನ್ನೂ ಅವಳಿಗೆ ಹೇಳಿರಲಿಲ್ಲ.

ಚಪ್ಪಾಳೆ ಮುಗಿದ ಮೇಲೆ ಪ್ರಶ್ನೆಗಳು. ಮೂರನೆಯ ಪುಸ್ತಕ ಯಾವಾಗ, ದೀಸಾ ಮದುವೆಯಾಗುತ್ತಾಳಾ. ಆಮೇಲೆ ಹಿಂದಿನ ಸಾಲಿನಿಂದ ಹಳದಿ ಟೋಪಿಯ ಯುವತಿಯೊಬ್ಬಳು ಎದ್ದು ನಿಂತಳು. ನನ್ನ ಹೆಸರು ತೂವಾ, ನರ್ಸಿಂಗ್ ಓದುತ್ತಿದ್ದೇನೆ, ಮೊದಲ ಪುಸ್ತಕವನ್ನು ಏಳು ಸಲ ಓದಿದ್ದೇನೆ ಎಂದಳು. "ಒಂದು ಕೇಳ್ಬೇಕಿತ್ತು. ಆ ತಾಣದಲ್ಲಿ ಎಲ್ಲರೂ ಒಪ್ಪಿರೋ ಅಭಿಪ್ರಾಯ ಇದೆಯಲ್ಲ, ಎರಡು ನಕ್ಷತ್ರದ್ದು. ಅದರಲ್ಲಿ ಬಾಚಣಿಗೆ ತೊಳೆಯೋ ದೃಶ್ಯ ಅಂತಿದೆ. ನಾನು ಪುಸ್ತಕದಲ್ಲಿ ಎರಡು ಸಲ ಹುಡುಕಿದೆ. ಎಲ್ಲೂ ಇಲ್ಲ. ನನ್ನ ಪ್ರತೀಲಿ ಪುಟ ಬಿಟ್ಟು ಹೋಗಿದ್ಯಾ ಅಂತ..."

ಇಂಗ್ವೆ ತನ್ನ ಮೊಣಕಾಲುಗಳನ್ನು ನೋಡಿದ. ಪ್ಯಾಂಟಿನ ಮೇಲೆ ಬನ್ನಿನ ಸಕ್ಕರೆಯ ಹರಳೊಂದು ಬಿದ್ದಿತ್ತು. ಅದನ್ನೇ ನೋಡಿದ. ಅಚ್ಚಾದ ಪುಸ್ತಕದಲ್ಲಿ ಇಲ್ಲ. ಜೂನಿನ ಒಂದು ಬೆಳಿಗ್ಗೆ ನೆನಪಾಯಿತು: ಅವನು ಶಾಲೆಗೆ ಹೊರಟು ಶೂ ಹಾಕಿಕೊಳ್ಳುತ್ತಿದ್ದ, ಅವಳು ಕೈಯಲ್ಲಿ ಪೆನ್ಸಿಲ್ ಹಿಡಿದು ಬಂದು, "ಎಡಿಟರ್ ಒಂದು ಅಧ್ಯಾಯ ಕಮ್ಮಿ ಮಾಡಿ ಅಂತಿದಾರೆ. ಬಾಚಣಿಗೆದು ಇರಲಾ, ತೆಗೀಲಾ?" ಎಂದಿದ್ದಳು. ಅವನು ಲೇಸು ಕಟ್ಟುತ್ತ, "ಅದೂ ಚೆನ್ನಾಗಿದೆ. ಬೇಕಾದ್ರೆ ತೆಗಿ. ನಿಂಗೆ ಹೇಗನ್ಸತ್ತೋ ಹಾಗೆ ಮಾಡು" ಎಂದಿದ್ದ. ಟ್ರಾಮ್ ತಪ್ಪುವುದರಲ್ಲಿತ್ತು.

"ನಿಮ್ಮ ಪ್ರತಿ ಸರಿಯಾಗೇ ಇದೆ," ಪೆರ್ನಿಲ್ಲಾ ಹೇಳಿದಳು. "ಅದು ಕರಡಲ್ಲಿತ್ತು. ನಾನು ತೆಗೆದುಬಿಟ್ಟೆ."

"ಹಾಗಾದ್ರೆ ಅವರಿಗೆ ಹೇಗೆ ಗೊತ್ತಾಯ್ತು?"

ಸಭೆಯಲ್ಲಿ ಸಣ್ಣ ಗುಜುಗುಜು ಎದ್ದಿತು. ಪೆರ್ನಿಲ್ಲಾ ಮೊದಲ ಸಾಲಿನ ಕಡೆ ನೋಡಲಿಲ್ಲ. ನೋಡದೇ ಇರಲು ಅವಳು ಪಡುತ್ತಿದ್ದ ಕಷ್ಟ ಅವನೊಬ್ಬನಿಗೆ ಕಂಡಿತು. "ನೋಡಿ, ನನ್ನ ಪುಸ್ತಕದಲ್ಲಿ ಸತ್ತವರು ದಿನಾ ಟ್ರಾಮ್ ಹತ್ತಿ ಇಳೀತಾರೆ," ಎಂದಳು. "ಅದನ್ನ ನಂಬಿದವರು ಇಷ್ಟನ್ನ ನಂಬಲ್ವಾ?" ಇಡೀ ಕೋಣೆ ನಕ್ಕಿತು. ತೂವಾ ಮಾತ್ರ ನಗದೆ, ಟೋಪಿ ಸರಿಮಾಡಿಕೊಂಡು ಕೂತಳು.

ಮನೆಗೆ ಹೋಗುವ ಟ್ರಾಮಿನಲ್ಲಿ ಅವರಿಬ್ಬರಿಗೆ ಎದುರುಬದುರು ಸೀಟು ಸಿಕ್ಕಿತು. ನಾಲ್ಕು ಗಂಟೆಯ ಬಿಸಿಲು ಕಿಟಕಿಯಿಂದ ಅಡ್ಡವಾಗಿ ಬಿದ್ದು ಅವಳ ಮುಖದ ಸುಕ್ಕುಗಳನ್ನೆಲ್ಲ ತೋರಿಸುತ್ತಿತ್ತು. ಅವಳು ಮಡಿಲಲ್ಲಿ ಯಾರೋ ಕೊಟ್ಟ ಹೂಗೊಂಚಲು ಇಟ್ಟುಕೊಂಡಿದ್ದಳು. ಆಲೂಗೆಡ್ಡೆ ಮುಗಿದಿದೆ, ಇಳಿದ ಮೇಲೆ ತಗೋಬೇಕು ಎಂದಳು. ಇಂಗ್ವೆ ಹೂಂ ಎಂದ. ಎರಡು ನಿಲ್ದಾಣ ಹೋಯಿತು. ಅವಳು ಹಾಗೇ ಸುಮ್ಮನಿದ್ದುಬಿಟ್ಟರೆ ತಾನೂ ಸುಮ್ಮನಿರಬಹುದು, ಹೀಗೇ ಇಪ್ಪತ್ತು ವರ್ಷ ಕಳೆಯಬಹುದು ಎಂಬ ಆಸೆ ಅವನೊಳಗೆ ಹೆಡೆ ಎತ್ತಿತು. ಅದರ ಹೇಸಿಗೆಯೇ ಅವನನ್ನು ಮುಂದೆ ತಳ್ಳಿತು.

"ಪೆರ್ನಿಲ್ಲಾ, ಅದನ್ನ ಬರೆದಿದ್ದು ನಾನು."

"ಗೊತ್ತು."

"ಇವತ್ತು ಆ ಹುಡುಗಿ ಕೇಳಿದಾಗ..."

"ಇಲ್ಲ. ಓದಿದ ದಿನಾನೇ. ಬಾಚಣಿಗೆ ದೃಶ್ಯ ಓದಿದವರು ಇಬ್ಬರೇ, ನೀನೂ ಎಡಿಟರೂ. ಎಡಿಟರಿಗೆ ನನ್ನ ಬೈಬೇಕು ಅಂದ್ರೆ ಫೋನ್ ಮಾಡಿ ಬೈತಾರೆ." ಅವಳು ಹೂವಿನ ಕಾಗದವನ್ನು ಬಿಚ್ಚಿ ಮತ್ತೆ ಮಡಿಸಿದಳು. "ಮೂರು ವಾರ ದಿನಾ ಕೇಳಿದೀನಿ ನಿನ್ನ. ಊಟಕ್ಕೆ ಕೂತಾಗೆಲ್ಲ ಬಾಗಿಲು ತೆಗೆದಿಟ್ಟೆ. ಒಂದಿನ ಒಳಗೆ ಬರ್ತೀಯ ಅಂತ."

ಪಕ್ಕದ ಸೀಟಿನ ಮುದುಕ ಪತ್ರಿಕೆಯನ್ನು ಮುಖದ ಹತ್ತಿರಕ್ಕೆ ಎತ್ತಿಕೊಂಡ. ಇಂಗ್ವೆ ಕ್ಷಮಿಸು ಎಂದ. ತಪ್ಪಾಯ್ತು, ನೋವು ಮಾಡಿದೆ, ಎರಡು ನಕ್ಷತ್ರ...

"ನಕ್ಷತ್ರ ಸುಡು. ನೀನು ಬರೆದಿದ್ದು ಸರಿಯಾಗೇ ಇದೆ, ಅದೇ ನನ್ನ ಸಂಕಟ. ಊರು ಪರದೆ ಥರ ಆಗಿದೆ, ಹೌದು. ಬಾಚಣಿಗೆಯಿಂದ ಶುರು ಮಾಡ್ಬೇಕಿತ್ತು, ಹೌದು. ಏಪ್ರಿಲ್‌ನಲ್ಲಿ ಹೇಳಿದ್ರೆ ನಂಗೆ ನಾಲ್ಕು ತಿಂಗಳು ಸಮಯ ಇತ್ತು ಇಂಗ್ವೆ. ನಾಲ್ಕು ತಿಂಗಳು! ಆಲೂಗೆಡ್ಡೆ ಸುಲೀತಾ ಇದ್ದೆ, ಕೇಳಿದೆ. ನಂಗೆ ನಿಜ ಬೇಕಾದಾಗ ನೀನು ಚೆನ್ನಾಗಿದೆ ಅಂದೆ, ಬೇಡವಾದಾಗ ಊರಿಗೆಲ್ಲ ಹೇಳಿದೆ."

ಟ್ರಾಮ್ ತಿರುವಿನಲ್ಲಿ ಕಿರುಗುಟ್ಟಿತು. ಅವಳು ಅದು ಮುಗಿಯುವವರೆಗೆ ಕಾದಳು.

"ಆ ತಾಯಿಯ ಸಾಲು. ಅದನ್ನ ಯಾಕೆ ಬರೆದೆ?"

"ನಾನು ಅಂತ ಗೊತ್ತಾಗಬಾರದು ಅಂತ."

"ಅದಕ್ಕೆ ಅಮ್ಮನೇ ಸಿಕ್ಕಿದ್ಲಾ?"

ತಾನು ಆಸ್ಪತ್ರೆಯ ಕೋಣೆಯ ಬಾಗಿಲಲ್ಲಿ ಎರಡು ಲೋಟ ಹಿಡಿದು ನಿಂತಿದ್ದನ್ನು ಹೇಳಬೇಕೆಂದು ಅವನಿಗೆ ಅನ್ನಿಸಿತು. ಆದರೆ ಈಗ ಅದನ್ನು ಹೇಳಿದರೆ ತನ್ನ ಪರವಾಗಿ ವಾದ ಮಾಡಿದ ಹಾಗಾಗುತ್ತದೆ ಎನ್ನಿಸಿ ಬಾಯಿ ಮುಚ್ಚಿದ. ಅದನ್ನು ಹೇಳಲು ಒಂದು ಹೊತ್ತಿತ್ತು, ಅದು ಕಳೆದುಹೋಗಿತ್ತು. ಅವಳು ಕಿಟಕಿಯ ಕಡೆ ತಿರುಗಿದಳು. ಕಣ್ಣು ಒಣಗಿಯೇ ಇತ್ತು, ಗಲ್ಲ ಮಾತ್ರ ನಡುಗುತ್ತಿತ್ತು. ದೀಸಾ ಯಾಕೆ ಅಳಲಿಲ್ಲ ಎಂದು ಅವನು ಲೋಕವನ್ನು ಕೇಳಿದ್ದ.

ಮನೆಗೆ ಬಂದ ತಕ್ಷಣ ಅದನ್ನು ಅಳಿಸಿಬಿಡುತ್ತೇನೆ ಎಂದು ಅವನು ಫೋನ್ ತೆಗೆದ. ಪೆರ್ನಿಲ್ಲಾ ಕೋಟು ಬಿಚ್ಚುತ್ತ, "ಬೇಡ," ಎಂದಳು. "ನಾನೂರು ಜನ ಅದನ್ನ ಒಪ್ಪಿದಾರೆ, ಎಷ್ಟೋ ಜನ ತಮ್ಮ ಅಮ್ಮಂದಿರ ಬಗ್ಗೆ ಬರೆದಿದಾರೆ. ಅದನ್ನ ಅಳಿಸೋಕೆ ನೀನ್ಯಾರು? ಕೆಳಗೆ ನಿನ್ನ ಹೆಸರು ಹಾಕು."

ಭಾನುವಾರ ಮಧ್ಯಾಹ್ನ ಅವನು ಮೊದಲು ಕಪಾಟಿನಿಂದ ಪುಸ್ತಕ ತೆಗೆದು, ಮೊದಲ ಪುಟ ನೋಡಿ, ಕೊನೆಯವರೆಗೆ ಓದಿದ. ಆಮೇಲೆ ಬರೆದ. 'ಇದನ್ನು ಬರೆದವನು ಲೇಖಕಿಯ ಗಂಡ ಇಂಗ್ವೆ ರೂಸಾಂದೆರ್. ಬಾಚಣಿಗೆಯ ದೃಶ್ಯ ಅಚ್ಚಾದ ಪುಸ್ತಕದಲ್ಲಿಲ್ಲ. ಅಚ್ಚಾದ ಪುಸ್ತಕವನ್ನು ನಾನು ಓದದೆ ಬರೆದಿದ್ದೆ. ಅವಳ ತಾಯಿ ಹೋದ ನವೆಂಬರಿನಲ್ಲಿ ತೀರಿಕೊಂಡರು. ಅದು ಗೊತ್ತಿದ್ದೇ, ನನ್ನ ಗುರುತು ಸಿಗಬಾರದೆಂದು ಮೂರನೆಯ ಸಾಲನ್ನು ಬರೆದೆ. ಉಳಿದದ್ದನ್ನು ಅವಳ ಎದುರು ಹೇಳುವ ಧೈರ್ಯ ನನಗಿರಲಿಲ್ಲ.' ಸಂಜೆಯೊಳಗೆ ಕೆಳಗೆ ಇನ್ನೂರು ಮಾತು ಬಿದ್ದಿತ್ತು. ಹೇಡಿ ಎಂದರು, ಹಾವು ಎಂದರು. ಗಂಡ ಹೆಂಡತಿ ಸೇರಿ ಪುಸ್ತಕ ಮಾರಲು ಹೂಡಿದ ಆಟ ಎಂದು ಕೆಲವರು ಪೆರ್ನಿಲ್ಲಾಳನ್ನೂ ಎಳೆದರು. ಆ ಒಂದು ಮಾತು ಬರಬಹುದೆಂದು ಇಬ್ಬರೂ ಯೋಚಿಸಿರಲಿಲ್ಲ. ಅವಳು ಅದನ್ನು ಓದಿ ಫೋನನ್ನು ಮಗುಚಿಟ್ಟು ಬಟ್ಟೆ ಒಣಗಿಸಲು ಹೋದಳು. ಸೋಮವಾರ ಶಾಲೆಯ ಉಪಾಧ್ಯಾಯರ ಕೋಣೆಯಲ್ಲಿ ಇಂಗ್ವೆ ಕಾಲಿಟ್ಟೊಡನೆ ಮಾತು ನಿಂತಿತು, ಆಮೇಲೆ ಎಲ್ಲರೂ ಒಟ್ಟಿಗೆ ಹವಾಮಾನದ ಬಗ್ಗೆ ಮಾತಾಡಿದರು.

ನವೆಂಬರ್ ಬಂತು, ಹೋಯಿತು. ಪೆರ್ನಿಲ್ಲಾ ಅಡುಗೆಮನೆಯ ಮೇಜಿನ ಮೇಲೆ ಬರೆಯುತ್ತಿದ್ದಳು, ಅವನು ಬಂದರೆ ಹಾಳೆ ಮಗುಚುತ್ತಿದ್ದಳು. ಜಗಳವಾಡಲಿಲ್ಲ. ಉಪ್ಪು ಕೊಡು ಎಂದರೆ ಕೊಡುತ್ತಿದ್ದಳು, ಕೆಮ್ಮಿದರೆ ಔಷಧಿ ತಂದಿಡುತ್ತಿದ್ದಳು. ಅವನು ಏನಾದರೂ ಚೆನ್ನಾಗಿದೆ ಎಂದರೆ, ಅದು ಸಾರೇ ಇರಲಿ, ಹೊಸ ಪರದೆಯೇ ಇರಲಿ, ಒಂದು ಕ್ಷಣ ಅವನ ಮುಖವನ್ನು ಅಳೆಯುವಂತೆ ನೋಡಿ ಆಮೇಲೆ ಹೌದಾ ಎನ್ನುತ್ತಿದ್ದಳು. ಆ ಒಂದು ಕ್ಷಣವೇ ಅವನ ಶಿಕ್ಷೆಯಾಗಿತ್ತು. ಡಿಸೆಂಬರಿನ ಮೊದಲ ಶನಿವಾರ ಮಧ್ಯಾಹ್ನ ಅವನು ಹೊರಗಿನಿಂದ ಬಂದಾಗ ಮೇಜಿನ ಮೇಲೆ ಹದಿನೈದು ಇಪ್ಪತ್ತು ಹಾಳೆ ಮೇಲ್ಮುಖವಾಗಿ ಇದ್ದವು. ಅವಳು ಮನೆಯಲ್ಲಿರಲಿಲ್ಲ. ಮರೆತು ಹೋದಳೋ, ಬೇಕೆಂದೇ ಇಟ್ಟಳೋ. ಅವನು ಕೋಟು ಸಹ ಬಿಚ್ಚದೆ ಅಲ್ಲೇ ನಿಂತ. ಕಣ್ಣು ಹೋಗದಿರಲೆಂದು ಕಿಟಕಿಯ ಕಡೆ ತಿರುಗಿ ಕೂತ. ಮುಕ್ಕಾಲು ಗಂಟೆಯ ಮೇಲೆ ಅವಳು ಈಜು ಮುಗಿಸಿ, ಒದ್ದೆ ಕೂದಲಿನಲ್ಲಿ ಒಳಗೆ ಬಂದು, ಹಾಳೆಗಳನ್ನೂ ಅವನ ಬೆನ್ನನ್ನೂ ನೋಡಿದಳು.

"ಓದ್ಲಿಲ್ವಾ?"

"ನೀನು ಕೇಳಿರ್ಲಿಲ್ವಲ್ಲ."

ಅವಳು ಕುರ್ಚಿ ಎಳೆದು ಎದುರಿಗೆ ಕೂತಳು. ಬೆನ್ನು ತಿರುಗಿಸಲಿಲ್ಲ, ಕೈಯಲ್ಲಿ ಬೇರೆ ಕೆಲಸ ಹಿಡಿಯಲಿಲ್ಲ. ಮೊದಲ ಹಾಳೆ ಎತ್ತಿಕೊಂಡು ಗಟ್ಟಿಯಾಗಿ ಓದತೊಡಗಿದಳು. ಮೊದಲ ಪುಟ ನಡೆಯಿತು, ಎರಡನೆಯದು ಅವನನ್ನು ಹಿಡಿದು ಕೂರಿಸಿತು. ಮೂರನೆಯದರಲ್ಲಿ ದೀಸಾ ಬಂದರಿನ ಬಗ್ಗೆ ಯೋಚಿಸುತ್ತ ಯೋಚಿಸುತ್ತ ಹೋದಳು. ಮಾತುಗಳು ಚಂದವಿದ್ದವು, ಒಂದರ ಹಿಂದೊಂದು ಬಂದವು. ಅವನ ಗಮನ ಹೀಟರಿನ ಟಿಕ್ ಟಿಕ್ ಸದ್ದಿನ ಕಡೆ ಹೋಯಿತು. ಹೋದದ್ದು ಅವನಿಗೇ ಗೊತ್ತಾಯಿತು. ಅವಳು ಓದು ನಿಲ್ಲಿಸಿ ತಲೆ ಎತ್ತಿದಳು. ಕೂದಲಿನಿಂದ ಒಂದು ಹನಿ ಹಾಳೆಯ ಮೇಲೆ ಬಿತ್ತು.

"ಹೇಳು."

ಚೆನ್ನಾಗಿದೆ ಎಂಬ ಮಾತು ಎಷ್ಟು ಹತ್ತಿರದಲ್ಲಿತ್ತೆಂದರೆ ಅವನಿಗೆ ಅದರ ರುಚಿ ಸಿಕ್ಕಿತು. ಅದನ್ನಂದರೆ ಅವಳು ನಂಬುತ್ತಾಳೋ ಇಲ್ಲವೋ, ಏನೇ ಆದರೂ ಹಾಳೆಗಳು ಮತ್ತೆಂದೂ ಮೇಲ್ಮುಖವಾಗಿ ಕೂರುವುದಿಲ್ಲ.

"ಮೂರನೇ ಪುಟದಲ್ಲಿ ನಂಗೆ ಬೋರಾಯ್ತು," ಎಂದ.

ಅವಳ ಕಿವಿಗಳು ಕೆಂಪಾದವು, ಮದುವೆಯಾದ ಹೊಸದರಲ್ಲಿ ಸಿಟ್ಟು ಬಂದಾಗ ಆಗುತ್ತಿದ್ದಂತೆ. ತುಟಿ ಬಿಗಿದು ಹಾಳೆಯನ್ನೇ ನೋಡುತ್ತ ಕೂತಳು. ಎದ್ದು ಹೋಗುತ್ತಾಳೆ ಎಂದುಕೊಂಡ. ಅವಳು ಹಾಳೆಯನ್ನು ಅವನ ಕಡೆ ತಿರುಗಿಸಿ ಮೇಜಿನ ನಡುವೆ ಇಟ್ಟು, ಅವನಿಗೂ ತಲುಪುವಷ್ಟು ಹತ್ತಿರಕ್ಕೆ ತಳ್ಳಿದಳು.

"ಯಾವ ಸಾಲಿಂದ?"